ಎಂಬತ್ತೇಳನೆಯ ಹಾಳೆ

ಮಂಗಳವಾರ ಬೆಳಿಗ್ಗೆ ಪ್ರಾರ್ಥನಾಲಯದ ಗಂಟೆ ಹೊಡೆದಾಗ ನಾನು ವೇದಿಕೆಗೆ ಹಾಸುವ ಬಿಳಿ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದೆ. ಸಾವಿನ ಗಂಟೆಯಾದರೆ ಒಂದೊಂದಾಗಿ, ನಡುವೆ ಬಿಡುವು ಕೊಟ್ಟು ಹೊಡೆಯುತ್ತಾರೆ. ಇದು ಹಬ್ಬದ ಗಂಟೆಯ ಹಾಗೆ ಒಂದೇ ಸಮನೆ ಹೊಡೆಯುತ್ತಿತ್ತು. ಉಪ್ಪಿನ ಮಡಿಗಳಲ್ಲಿ ಕೆಲಸಕ್ಕಿದ್ದವರು ಸಲಿಕೆ ಬಿಟ್ಟು ಓಡಿಬರುವುದು ಕಿಟಕಿಯಿಂದ ಕಂಡಿತು. ಬೀದಿಯಲ್ಲಿ ಯಾರೋ ಕೂಗಿದರು: "ಎಂಬತ್ತೇಳು ಬಂತು! ಎಂಬತ್ತೇಳು ತಿರುಗಿ ಬಂತು!"

ನಾನು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೇ ಬಿಟ್ಟು ನಿಂತುಬಿಟ್ಟೆ. ಕೆಂಡ ತುಂಬಿದ ಪೆಟ್ಟಿಗೆ. ಹೊಗೆ ಮೂಗಿಗೆ ಬಡಿದ ಮೇಲೆ ಎಚ್ಚರವಾಯಿತು. ಬಟ್ಟೆಯ ನಡುವೆ ಇಸ್ತ್ರಿಯ ಆಕಾರದ ಕಂದು ಕಲೆ ಕೂತಿತ್ತು. ಮೂವತ್ತು ವರ್ಷದಲ್ಲಿ ನಾನು ದೇವರ ಮನೆಯ ಒಂದು ಬಟ್ಟೆಯನ್ನೂ ಸುಟ್ಟವಳಲ್ಲ. ಆ ಕಲೆಯನ್ನೇ ನೋಡುತ್ತಾ, "ತಬ್ಬೀ, ಹೋದೆಯಾ," ಎಂದೆ. ನನ್ನ ತಂಗಿ ತಬಿತಾ ತೀರಿಕೊಂಡಳೆಂದು ನನಗೆ ತಿಳಿದದ್ದು ಹೀಗೆ. ಕಾಗದ ಬರಲಿಲ್ಲ, ಆಳು ಬರಲಿಲ್ಲ. ಊರು ಸಂಭ್ರಮಪಟ್ಟಿತು, ಅದರಿಂದ ತಿಳಿಯಿತು.

ನಮ್ಮ ಊರಿನಲ್ಲಿ ಒಂದು ಗೀತೆಯನ್ನು ಕೈ ಕಲಿತುಬಿಟ್ಟರೆ ಅದರ ಹಾಳೆ ಬರಿದಾಗುತ್ತದೆ. ಪಿಯಾನೊದ ಮುಂದೆ ಕೂತು, ಹಾಳೆ ನೋಡದೆ ನುಡಿಸಲು ಬಂತೆಂದರೆ, ಐದೈದು ಗೆರೆಗಳು ಉಳಿಯುತ್ತವೆ, ಗೆರೆಗಳ ಮೇಲೆ ಕೂತಿದ್ದ ಕರಿ ಬೊಟ್ಟುಗಳು ಇರುವುದಿಲ್ಲ. ಕಲಿತವರು ಬದುಕಿರುವವರೆಗೆ ಅವು ಬರುವುದಿಲ್ಲ. ಅವರ ಉಸಿರು ನಿಂತ ಗಳಿಗೆಯಲ್ಲಿ ತಿರುಗಿ ಬಂದು ತಮ್ಮ ತಮ್ಮ ಗೆರೆಯ ಮೇಲೆ ಕೂತುಕೊಳ್ಳುತ್ತವೆ. ಬಾಯಲ್ಲಿ ಹಾಡಿಕೊಂಡರೆ ಏನೂ ಆಗದು. ಕೈಗೆ ಬಂದರೆ ಮಾತ್ರ. ನಕಲು ಮಾಡಿಟ್ಟರೆ ನಕಲೂ ಖಾಲಿಯಾಗುತ್ತದೆ. ಕಲಿತವರು ನುಡಿಸುವುದನ್ನು ಕೇಳಿ ಬರೆದುಕೊಂಡರೆ ಮಸಿ ಆರುವುದರೊಳಗೆ ಬೊಟ್ಟು ಮಾಯ.

ಆದ್ದರಿಂದ ನಮ್ಮಲ್ಲಿ ಮಕ್ಕಳಿಗೆ ಮೊದಲು ಕಲಿಸುವುದು ಕಣ್ಣನ್ನು ಹಾಳೆಯ ಮೇಲಿಡುವುದನ್ನು. ಕಲಿಯುವವರ ಕೊರಳಿಗೆ ಒಂದು ಬಟ್ಟೆ ಕಟ್ಟಿ, ಅದರ ಇನ್ನೊಂದು ತುದಿಯನ್ನು ಪಿಯಾನೊಗೆ ಸಿಕ್ಕಿಸುತ್ತಾರೆ. ಕೈಗಳೆರಡೂ ಆ ಮುಸುಕಿನ ಒಳಗೆ. ಒಂದೇ ಗೀತೆಯನ್ನು ವಾರಕ್ಕೆ ಎರಡು ಸಲಕ್ಕಿಂತ ಹೆಚ್ಚು ಮುಟ್ಟುವಂತಿಲ್ಲ. ಕಂಡದ್ದನ್ನು ಕಂಡ ಕೂಡಲೇ ನುಡಿಸಿ, ಎದ್ದ ಕೂಡಲೇ ಮರೆತವರು ಒಳ್ಳೆಯ ವಿದ್ಯಾರ್ಥಿಗಳು. ಹೆಣ್ಣು ನೋಡಲು ಬಂದವರು "ಹುಡುಗಿಗೆ ಮರೆವು ಹೆಂಗೈತಿ?" ಎಂದು ಕೇಳುವುದುಂಟು. ಊರು ಬಿಟ್ಟು ದೂರ ಹೋಗುವವರು ಮಾತ್ರ ಮನೆಯಲ್ಲೇ ಬರೆದ ಪುಟ್ಟ ತುಣುಕೊಂದನ್ನು ಬೇಕೆಂದೇ ಕೈಗೆ ಕಲಿತು ಹೋಗುತ್ತಾರೆ. ಆ ಖಾಲಿ ಹಾಳೆಯನ್ನು ಮನೆಯವರು ಗೋಡೆಗೆ ತೂಗುಹಾಕುತ್ತಾರೆ. ಬೆಳಿಗ್ಗೆ ಎದ್ದು ಅದನ್ನು ನೋಡಿ, ಖಾಲಿಯಿದ್ದರೆ ಒಲೆ ಹಚ್ಚುತ್ತಾರೆ.

ಎಂಬತ್ತೇಳು ಹಾಗೆ ಮನೆಯಲ್ಲಿ ಬರೆದದ್ದಲ್ಲ. ಅದು ಸಭೆಯ ದೊಡ್ಡ ಪುಸ್ತಕದಲ್ಲಿರುವ ಬೀಳ್ಕೊಡುಗೆಯ ಗೀತೆ. ನಾಲ್ಕೇ ಸಾಲು. ಸತ್ತವರ ಪೆಟ್ಟಿಗೆ ಪ್ರಾರ್ಥನಾಲಯದಲ್ಲಿರುವಾಗ ಮನೆಯವರೇ ಯಾರಾದರೂ ಅದನ್ನು ಹಾಳೆ ನೋಡಿ ನುಡಿಸಬೇಕು. ಆಮೇಲೆ ಹಿರಿಯರು ಮೃತರ ಪುಸ್ತಕದಲ್ಲಿ ಹೆಸರು ಬರೆದು ಗಟ್ಟಿಯಾಗಿ ಓದಬೇಕು. ಚೆನ್ನಾಗಿ ನುಡಿಸಬೇಕೆಂದಿಲ್ಲ. ಅಳುತ್ತಾ ನುಡಿಸಿದವರಿದ್ದರು, ಒಂದೇ ಬೆರಳಲ್ಲಿ ನುಡಿಸಿದವರಿದ್ದರು. ಪರರ ಕೈ ಆಗದು, ಅಷ್ಟೆ. ನನ್ನ ತಂಗಿ ಆ ಗೀತೆಯನ್ನು ಕೈಗೆ ಕಲಿತಳು, ಹಾಳೆ ಬರಿದಾಯಿತು. ಹಿರಿಯರು ಅವಳನ್ನು ಕಳ್ಳಿ ಎಂದರು; ಸತ್ತ ಮೇಲೂ ಅವಳ ಹೆಸರನ್ನು ಈ ದೇವರ ಮನೆಯಲ್ಲಿ ಓದಕೂಡದೆಂದು ತೀರ್ಮಾನ ಬರೆದರು. ಇಪ್ಪತ್ತೆರಡು ವರ್ಷದ ಹುಡುಗಿ, ಉಪ್ಪಿನ ಬಯಲು ದಾಟುವ ಬಸ್ಸು ಹತ್ತಿ ಹೋದವಳು ತಿರುಗಿ ಬರಲಿಲ್ಲ. ನಲವತ್ತೊಂದು ವರ್ಷ ನಮ್ಮ ಊರು ತನ್ನವರನ್ನು ಗೀತೆಯಿಲ್ಲದೆ ಮಣ್ಣಿಗೆ ಕಳಿಸಿತು, ಪ್ರತಿ ಸಲವೂ ಅವಳನ್ನು ಶಪಿಸಿತು.

ನಾನು ಪ್ರತಿ ಶನಿವಾರ ಒಗೆದ ಬಟ್ಟೆ ಹಾಸಲು ಹೋದಾಗ ಆ ಪುಸ್ತಕ ತೆರೆದು ಖಾಲಿ ಗೆರೆಗಳನ್ನು ನೋಡುತ್ತಿದ್ದೆ. ಊರಿಗೆ ಅದು ಕಳವು. ನನಗೆ ಅದು ಅವಳ ಕೈಬರಹ: ಅಕ್ಕಾ, ಇನ್ನೂ ಅದೀನಿ.

ಆ ಮಂಗಳವಾರ ನಾನು ಹೋಗುವ ಹೊತ್ತಿಗೆ ಪ್ರಾರ್ಥನಾಲಯ ತುಂಬಿಹೋಗಿತ್ತು. ಹಿರಿಯರ ಹಿರಿಯನಾದ ಯೋಬಪ್ಪ ಪುಸ್ತಕವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಿದ್ದ. ಬೊಟ್ಟುಗಳು ಹೊಳೆಯುತ್ತಿದ್ದವು, ಈಗ ತಾನೆ ಬರೆದ ಹಾಗೆ. ಹೆಂಗಸರು ಕೈಮುಗಿದು ಕಣ್ಣೀರು ಹಾಕುತ್ತಿದ್ದರು. ಬರುವ ಭಾನುವಾರ ಸ್ತುತಿ ಆರಾಧನೆ, ಎಲ್ಲರ ಮನೆಯಿಂದಲೂ ಸಿಹಿ ಬರಬೇಕು ಎಂದು ಯೋಬಪ್ಪ ಹೇಳುತ್ತಿದ್ದ.

ನಾನು ನಡುದಾರಿಯಲ್ಲಿ ನಿಂತು ಕೇಳಿದೆ: "ಯೋಬಣ್ಣಾ, ಯಾರ ಸಾವಿಗೆ ಸಿಹಿ ಹಂಚ್ತೀರಿ?"

ಯೋಬಪ್ಪ ಪುಸ್ತಕ ಇಳಿಸಿದ. "ಸಾವಿಗಲ್ಲ ಹನ್ನಮ್ಮಾ. ಕಳಕೊಂಡದ್ದು ಸಿಕ್ತಲ್ಲ, ಅದಕ್ಕ."

"ಅದು ಸಿಕ್ಕಿಲ್ಲರಿ, ಬಂದೈತಿ. ಅದು ಬರಬೇಕಾದ್ರ ನನ್ನ ತಂಗಿ ಹೋಗಬೇಕಾತು. ಅಕಿ ಹೆಸರು ಮೊದಲ ಓದ್ರಿ, ಆಮ್ಯಾಲೆ ಸಿಹಿ ತಿನ್ರಿ."

"ತೀರ್ಮಾನ ಬರದೈತಿ. ನಾ ಬರದದ್ದಲ್ಲ, ನಮ್ಮಪ್ಪ ಬರದದ್ದು."

"ಬರದದ್ದು ನಿಮ್ಮಪ್ಪ, ಹಿಡಕೊಂಡು ಕುಂತಾವ್ರು ನೀವು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಯೋಬಪ್ಪನ ಮುಖ ಕೆಂಪೇರಿತು. "ಹೆಸರು ಓದಬೇಕಂದ್ರ ಮನ್ಯಾವರ ಕೈ ನುಡಿಸಬೇಕಲ್ಲ ಹನ್ನಮ್ಮಾ. ನಿಮ್ಮ ಮನ್ಯಾಗ ಯಾರದಾರ? ನೀ ಒಬ್ಬಾಕಿ. ನಿನಗ ಒಂದು ಕೀ ಒತ್ತಾಕ ಬರೂದಿಲ್ಲ."

"ಕಲೀತೀನಿ."

ಈಗ ಎಲ್ಲರೂ ನಕ್ಕರು. ನನಗೆ ಎಪ್ಪತ್ತೊಂದು. ಯೋಬಪ್ಪನೂ ನಕ್ಕ, ನಗುತ್ತಲೇ ಒಂದು ಮಾತು ಕೊಟ್ಟ. ಊರ ಮುಂದೆ ಕೊಟ್ಟದ್ದರಿಂದ ಅದು ಮಾತೇ ಆಯಿತು. "ಆಗಲಿ. ನಲವತ್ತನೇ ದಿನಕ್ಕ ಬಾ. ಹಾಳಿ ನೋಡಿ, ನಾಲ್ಕೂ ಸಾಲು ನುಡಸು. ನೀ ಎದ್ದ ಮ್ಯಾಲೂ ಹಾಳಿ ಇದ್ದಂಗ ಇರಬೇಕು. ಇದ್ರ ನಿನ್ನ ತಂಗಿ ಹೆಸರು ನಾನ ಓದ್ತೀನಿ."

ಸಭೆಯ ಪಿಯಾನೊ ನುಡಿಸುವವಳು ನವೋಮಿ ಟೀಚರ್. ಐವತ್ತರ ಹೆಂಗಸು, ಕನ್ನಡಕದ ದಾರ ಯಾವಾಗಲೂ ಕೊರಳಲ್ಲಿ. ನಾಲ್ಕು ನೂರು ಗೀತೆಗಳನ್ನು ಕಂಡ ಕೂಡಲೇ ನುಡಿಸುತ್ತಾಳೆ, ಒಂದನ್ನೂ ನೆನಪಿಟ್ಟುಕೊಂಡಿಲ್ಲ ಎಂಬುದು ಅವಳ ಹೆಮ್ಮೆ. ಮರುದಿನ ಮಧ್ಯಾಹ್ನ ನಾನು ಹೋದಾಗ ಅವಳು ನನ್ನ ಕೈಗಳನ್ನು ತಿರುವಿ ತಿರುವಿ ನೋಡಿದಳು. ಇಸ್ತ್ರಿಪೆಟ್ಟಿಗೆ ಹಿಡಿದು ದಡ್ಡುಗಟ್ಟಿದ ಕೈಗಳು.

"ಅಕ್ಕಾರ, ಬೆರಳು ಮಡಚ್ತಾವೇನ್ರಿ?"

"ಮುಷ್ಟಿ ಮಾಡಾಕ ಬರ್ತಾವ."

"ಅದನ್ನ ಯೋಬಪ್ಪನ ಮುಂದ ತೋರ್ಸಬ್ಯಾಡ್ರಿ," ಎಂದು ಅವಳು ನಕ್ಕಳು. "ಮುಸುಕಿಗೆ ಬಟ್ಟಿ ತಂದೀರಿ?"

ನಾನು ಸುಟ್ಟ ಬಟ್ಟೆಯನ್ನು ತಂದಿದ್ದೆ. ವೇದಿಕೆಗೆ ಅದು ಇನ್ನು ಆಗದು. ನವೋಮಿ ಅದನ್ನು ನನ್ನ ಕೊರಳಿಗೆ ಕಟ್ಟಿ ಪಿಯಾನೊಗೆ ಸಿಕ್ಕಿಸಿದಳು. ಕಂದು ಕಲೆ ಸರಿಯಾಗಿ ನನ್ನ ಎರಡು ಕೈಗಳ ಮೇಲೆ ಬಂತು.

ಮೊದಲ ಹನ್ನೆರಡು ದಿನ ಮಕ್ಕಳ ಪಾಠ. ತಂತಿಯ ಮೇಲೆ ಕೂತ ಹಕ್ಕಿ ಯಾವುದು, ತಂತಿಗಳ ನಡುವೆ ಜೋತ ಹಕ್ಕಿ ಯಾವುದು. ನನ್ನ ಪಕ್ಕದ ಬೆಂಚಿನಲ್ಲಿ ಏಳೆಂಟು ವರ್ಷದ ಹುಡುಗಿಯರು ಕಾಯುತ್ತಿದ್ದರು. ನಾನು ಒಂದು ಬೊಟ್ಟು ನೋಡಿ, ಕೆಳಗಿನ ಗೆರೆಯಿಂದ ಎಣಿಸಿ, ಹೆಸರು ಹೇಳಿಕೊಂಡು, ಮುಸುಕಿನೊಳಗೆ ಬೆರಳಿನಿಂದ ತಡಕಿ ಕೀ ಹುಡುಕುವ ಹೊತ್ತಿಗೆ ಅವರು ಆಕಳಿಸುತ್ತಿದ್ದರು. ಒಬ್ಬಳಂತೂ "ಅಜ್ಜೀ, ಅದು ಓಡಿಹೋಗೂದಿಲ್ಲ, ಹೆದರಬ್ಯಾಡ," ಎಂದಳು. ನನಗೂ ನಗು ಬಂತು. ಪಿಯಾನೊದ ನಡುವಿನ ಒಂದು ಕೀ ಉಪ್ಪುಗಾಳಿಗೆ ಕೆಟ್ಟಿತ್ತು. ಒತ್ತಿದರೆ ಟಕ್ ಎನ್ನುತ್ತಿತ್ತು, ಸ್ವರವಿಲ್ಲ. ಅದು ಎಲ್ಲಿದೆಯೆಂದು ತಿಳಿದುಕೊಂಡದ್ದೇ ನನ್ನ ಮೊದಲ ವಿದ್ಯೆ.

ಹದಿಮೂರನೆಯ ದಿನ ನವೋಮಿ ಎಂಬತ್ತೇಳನೆಯ ಹಾಳೆ ತೆರೆದಳು. ವಾರಕ್ಕೆ ಎರಡು ಸಲ ಮುಟ್ಟಿದರೆ ನಲವತ್ತನೇ ದಿನಕ್ಕೆ ನಾನು ಎಂಟು ಸಲವೂ ನುಡಿಸಿರುವುದಿಲ್ಲ. ಅವಳು ಬಾಗಿಲು ಹಾಕಿ ಬಂದು, "ದಿನಾ ನುಡಿಸ್ರಿ, ನಾ ಕಂಡಿಲ್ಲ," ಎಂದಳು. ಅದು ಅವಳ ಜೀವನದ ಮೊದಲ ಸುಳ್ಳು ಇರಬೇಕು. ಹೇಳುವಾಗ ಕನ್ನಡಕ ತೆಗೆದಿದ್ದಳು.

ದಿನಾ ನುಡಿಸಿದೆ. ಕಣ್ಣನ್ನು ಹಾಳೆಯಿಂದ ತೆಗೆಯಲಿಲ್ಲ. ದೇವರ ಮುಂದೆ ನಿಂತು ಹೇಳುತ್ತೇನೆ, ಒಮ್ಮೆಯೂ ನನ್ನ ಕೈಗಳನ್ನು ನೋಡಲಿಲ್ಲ. ಮುಸುಕಿನಲ್ಲಿ ನೋಡುವುದಕ್ಕೆ ಆಗುತ್ತಲೂ ಇರಲಿಲ್ಲ. ಆದರೆ ಒಂದು ಸಾಲು ಮುಗಿಸಲು ನನಗೆ ಅರ್ಧ ತಾಸು ಬೇಕಾಗುತ್ತಿತ್ತು. ತಪ್ಪಿದಲ್ಲಿ ಹಿಂದಕ್ಕೆ ಹೋಗಿ ಮತ್ತೆ ಬರುತ್ತಿದ್ದೆ, ಒಂದೊಂದು ಬೊಟ್ಟನ್ನೂ ಹತ್ತು ಹತ್ತು ಸಲ ಒತ್ತುತ್ತಿದ್ದೆ. ನವೋಮಿಯಂಥವರು ಒಂದು ನೋಟ ನೋಡಿ ದಾಟಿ ಹೋಗುವ ಜಾಗದಲ್ಲಿ ನಾನು ಬಿಡಾರ ಹೂಡಿದ್ದೆ. ಕಣ್ಣು ಇನ್ನೂ ಎಣಿಸುತ್ತಿರುವಾಗಲೇ ಬೆರಳು ಮುಂದಿನ ಕೀಯ ಮೇಲೆ ಹೋಗಿ ಕಾಯುತ್ತಿತ್ತು. ನಾನು ಕಳಿಸಿದ್ದಲ್ಲ. ಬಾವಿಗೆ ಹೋಗುವ ಕಾಲು ದಾರಿ ಕೇಳುತ್ತದೆಯೇ?

ಇಪ್ಪತ್ತೇಳನೆಯ ದಿನ ಹಾಳೆ ತೆರೆದಾಗ ಮೊದಲ ಸಾಲಿನ ಬೊಟ್ಟುಗಳು ತೆಳುವಾಗಿದ್ದವು, ಹಾಲು ಹೆಚ್ಚಾದ ಕಾಫಿಯ ಬಣ್ಣ.

ನವೋಮಿ ಕೈಯಿಂದ ಬಾಯಿ ಮುಚ್ಚಿಕೊಂಡಳು. ನನಗೆ ಭಯವಾಗಲಿಲ್ಲ. ಬೇರೇನೋ ಆಯಿತು. ನಮ್ಮ ಅಡುಗೆಮನೆ ಕಣ್ಣ ಮುಂದೆ ಬಂತು.

ತಬಿತಾ ಓದಿನಲ್ಲಿ ನಿಧಾನ. ಶಾಲೆಯಲ್ಲಿ ಸಾಲಿನ ಕೆಳಗೆ ಬೆರಳಿಟ್ಟು, ತುಟಿಯಲ್ಲಿ ಅಕ್ಷರ ಕೂಡಿಸಿ ಓದುತ್ತಿದ್ದಳು. ನಮ್ಮವ್ವ ಹಾಸಿಗೆ ಹಿಡಿದಾಗ, ಕಡೆಗೆ ಗೀತೆ ನುಡಿಸುವವರು ಯಾರೆಂಬ ಮಾತು ಬಂತು. ನಾನು ಗಂಡನ ಮನೆ, ಒಗೆಯುವ ಬಟ್ಟೆ ಎಂದು ಜಾರಿಕೊಂಡೆ. ಅವಳು "ನಾ ಕಲೀತೀನಿ," ಎಂದಳು. ಏಳು ತಿಂಗಳು ದಿನಾ ಪ್ರಾರ್ಥನಾಲಯಕ್ಕೆ ಹೋದಳು. ಮನೆಗೆ ಬಂದು ರೊಟ್ಟಿ ಬಡಿಯುವ ಹಲಗೆಯ ಮೇಲೆ ಬೆರಳಾಡಿಸುತ್ತಾ, "ಅಕ್ಕಾ, ನನಗ ಬೊಟ್ಟು ಲಗೂನ ಕಾಣೂದಿಲ್ಲ. ಅವ್ವನ ದಿನ ನಾ ತಪ್ಪಿದ್ರ?" ಎನ್ನುತ್ತಿದ್ದಳು. ಅವ್ವನ ದಿನ ಅವಳು ತಪ್ಪಲಿಲ್ಲ. ಅಂಥ ನುಡಿಕೆಯನ್ನು ನಮ್ಮ ಊರು ಅದಕ್ಕೆ ಮೊದಲೂ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಪೆಟ್ಟಿಗೆ ಹೊರಗೆ ಹೋದ ಮೇಲೆ ಯಾರೋ ಹಾಳೆ ನೋಡಿದರು.

ಹಿರಿಯರ ಮುಂದೆ ಸಾಕ್ಷಿ ಕೇಳಿದ್ದು ನನ್ನನ್ನು. "ನುಡಿಸುವಾಗ ತಬಿತಾ ಹಾಳೆ ನೋಡಿದಳೇ?" ನಾನು ಸುಳ್ಳು ಹೇಳಬಾರದೆಂದು ಬೆಳೆದವಳು. "ಇಲ್ಲ, ಕಿಟಕಿ ನೋಡುತ್ತಿದ್ದಳು," ಎಂದೆ. ಅಷ್ಟೇ ಹೇಳಿದೆ. ಏಳು ತಿಂಗಳನ್ನು ಹೇಳಲಿಲ್ಲ, ರೊಟ್ಟಿಯ ಹಲಗೆಯನ್ನು ಹೇಳಲಿಲ್ಲ. ಯಾರೂ ಕೇಳಲಿಲ್ಲ, ನನಗೂ ಹೊಳೆಯಲಿಲ್ಲ. ಅವಳು ಬೇಕೆಂದೇ ಕಲಿತಳೋ ಏನೋ ಎಂಬ ಅನುಮಾನ ನನಗೂ ಇತ್ತು. ಅದೇ ಅನುಮಾನದಲ್ಲಿ ನಾನು ಅವಳನ್ನು ಬಸ್ಸಿಗೆ ಹತ್ತಿಸಲೂ ಹೋಗಲಿಲ್ಲ.

ಈಗ ನನ್ನ ಕೈಗಳೇ ಉತ್ತರ ಕೊಟ್ಟವು. ಚುರುಕು ಕಣ್ಣಿನವರು ಓದಿ ಮರೆಯಬಹುದು. ನಿಧಾನವಾಗಿ ಓದುವವರಿಗೆ ಆ ಭಾಗ್ಯವಿಲ್ಲ. ಅವರು ಓದಿ ಮುಗಿಸುವ ಹೊತ್ತಿಗೆ ಕೈ ಕಲಿತಾಗಿರುತ್ತದೆ. ನಮ್ಮ ಊರಿನ ನಿಯಮ ಕಳ್ಳರನ್ನು ಹಿಡಿಯುತ್ತಿರಲಿಲ್ಲ, ನಿಧಾನದವರನ್ನು ಹಿಡಿಯುತ್ತಿತ್ತು.

"ಇವತ್ತ ನಿಲ್ಲಸ್ರಿ ಅಕ್ಕಾರ," ಎಂದಳು ನವೋಮಿ. "ನಿಲ್ಲಿಸಿದ್ರ ಇಷ್ಟಕ್ಕ ನಿಲ್ಲತೈತಿ. ಹಾಳಿ ಉಳೀತೈತಿ."

"ನಿಲ್ಲಿಸಿದ್ರ ನಲವತ್ತನೇ ದಿನ ನುಡಿಸೋರ್ಯಾರು?"

"ನುಡಿಸಿದ್ರ ಹಾಳಿ ಹೋಗತೈತಿ, ನಿಮ್ಮನ್ನೂ ಕಳ್ಳಿ ಅಂತಾರ. ಹೆಸರು ಓದೂದಿಲ್ಲ."

"ಹಂಗಾರ ಎರಡೂ ಕಡೆ ಗ್ವಾಡಿ ಅಂದಂಗಾತು." ನಾನು ಸೆರಗಿನ ಪಿನ್ನು ಬಿಚ್ಚಿ, ಪಂಚಾಂಗದ ಹಳೆಯ ಹಾಳೆಯೊಂದನ್ನು ಮಡಚಿ, ಎಂಬತ್ತೇಳರ ನಾಲ್ಕನೆಯ ಸಾಲು ಕಾಣದಂತೆ ಅದನ್ನು ಸಿಕ್ಕಿಸಿದೆ. "ಮೂರು ಸಾಲು ಕಲೀತೀನಿ. ಹೋದ್ರ ಹೋಗಲಿ. ಈ ಕಡೀ ಸಾಲಿಗೆ ಮಾತ್ರ ನಾ ಇನ್ನೂ ಬಂದಿಲ್ಲ, ಇನ್ನ ನೋಡೂದೂ ಇಲ್ಲ, ಮುಟ್ಟೂದೂ ಇಲ್ಲ. ಅವತ್ತ ಎಲ್ಲಾರ ಮುಂದ ಮೊದಲನೇ ಸಲ ನೋಡಿ ಓದ್ತೀನಿ."

"ಅದು ಯಾಕ್ರಿ?"

"ನನಗ ಓದಾಕ ಬರತೈತಿ ಅನ್ನೂದಕ್ಕ ಒಂದು ಸಾಲು ಬೇಕಲ್ಲ ಟೀಚರ. ಓದಾಕ ಬಂದ್ರೂ ಕೈ ಕಲೀತೈತಿ ಅನ್ನೂದಕ್ಕ ಮೂರು."

ನಲವತ್ತನೆಯ ದಿನ ಭಾನುವಾರ. ಮುದುಕಿ ಹೇಗೆ ಮುಗ್ಗರಿಸುತ್ತಾಳೆ ನೋಡೋಣವೆಂದು ಬಂದವರೂ ಇದ್ದರು. ಪೆಟ್ಟಿಗೆ ಇರಬೇಕಾದ ಮೇಜು ಖಾಲಿ. ನಾನು ಸುಟ್ಟ ಬಟ್ಟೆಯನ್ನು ಕೊರಳಿಗೆ ಕಟ್ಟಿಕೊಳ್ಳಲಿಲ್ಲ, ಆ ಮೇಜಿನ ಮೇಲೆ ಹಾಸಿದೆ. ಆಮೇಲೆ ಪುಸ್ತಕ ತೆರೆದು, ಪಿನ್ನು ತೆಗೆದು, ಸಭೆಯ ಕಡೆಗೆ ತಿರುಗಿಸಿ ಹಿಡಿದೆ.

ಮೂರು ಸಾಲು ಖಾಲಿ. ನಾಲ್ಕನೆಯದು ಕಪ್ಪಗೆ ಹೊಳೆಯುತ್ತಿತ್ತು.

ಕೂಗು ಎದ್ದಿತು. "ಅಕ್ಕನೂ ಕಳ್ಳಿ!" ಎಂದರು ಒಬ್ಬರು. "ಆ ಮನೀನ ಹಂಗ," ಎಂದರು ಇನ್ನೊಬ್ಬರು. ಯೋಬಪ್ಪ ಮೃತರ ಪುಸ್ತಕವನ್ನು ಎದೆಗೆ ಅವುಚಿಕೊಂಡು ಎದ್ದು ನಿಂತ.

"ಕೂಡ್ರಿ ಯೋಬಣ್ಣಾ," ಎಂದೆ. ನನ್ನ ಧ್ವನಿ ಅಷ್ಟು ದೊಡ್ಡದೆಂದು ನನಗೇ ಗೊತ್ತಿರಲಿಲ್ಲ. "ಇಪ್ಪತ್ತೇಳು ದಿನ ಇದನ್ನ ಓದೀನಿ. ಮುಸುಕು ಹಾಕ್ಕೊಂಡು, ಕಣ್ಣು ಹಾಳಿ ಮ್ಯಾಲೆ ಇಟಕೊಂಡು. ಬ್ಯಾಡ ಬ್ಯಾಡ ಅಂದ್ರೂ ಕೈ ಕಲೀತು. ನನ್ನ ತಂಗಿ ಏಳು ತಿಂಗಳು ಓದಿದ್ಲು. ಅವತ್ತ ಹಿರ್ಯಾರು ನನ್ನ ಕೇಳಿದ್ರು, ಅಕಿ ಎಲ್ಲಿ ನೋಡ್ತಿದ್ಲು ಅಂತ. ಕಿಟಕಿ ಅಂದೆ. ಖರೇನ ಹೇಳಿದೆ, ಅರ್ಧ ಹೇಳಿದೆ. ಆ ಪಾಪ ನಂದು, ದೇವರ ಕೂಡ ನಾ ಲೆಕ್ಕ ಹಾಕ್ಕೋತೀನಿ. ಆದ್ರ ನಿಮಗ ಒಂದು ಮಾತು ಕೇಳ್ತೀನಿ. ಗೀತೆ ಕಳುವಾಗಿತ್ತು ಅಂತೀರಲ್ಲ, ಎಲ್ಲಿ ಹೋಗಿತ್ತು? ಇಪ್ಪತ್ತೆರಡು ವರ್ಷದ ಹುಡುಗಿ ಕೈಯಾಗಿತ್ತು. ಯಾರರ ಸತ್ರ, ಬಾರವ್ವಾ ತಬಿತಾ, ನುಡಿಸವ್ವಾ ಅಂದಿದ್ರ ಅಕಿ ಒಲ್ಲೆ ಅಂತಿದ್ಲೇನು? ನಲವತ್ತೊಂದು ವರ್ಷ ನಿಮ್ಮ ಅಪ್ಪ ಅವ್ವಗ ಗೀತೆ ಇಲ್ಲದಂಗ ಮಾಡಿದ್ದು ಅಕಿ ಅಲ್ಲ. ಅಕೀನ್ನ ಬಸ್ಸಿಗೆ ಹತ್ತಿಸಿದ ನಾವು."

ನಾನು ಕೂತು ನುಡಿಸಿದೆ.

ಮೊದಲ ಮೂರು ಸಾಲುಗಳನ್ನು ಕಿಟಕಿ ನೋಡುತ್ತಾ ನುಡಿಸಿದೆ. ಬೇಕೆಂದೇ. ಕಿಟಕಿಯಲ್ಲಿ ಉಪ್ಪಿನ ಬಯಲು, ಅದರಾಚೆ ಬಸ್ಸಿನ ದಾರಿ. ಸತ್ತ ಕೀ ಬಂದಲ್ಲೆಲ್ಲ ಟಕ್ ಎನ್ನುತ್ತಿತ್ತು. ನಾಲ್ಕನೆಯ ಸಾಲಿಗೆ ಬಂದಾಗ ಕೈ ನಿಂತಿತು. ಹಾಳೆಯ ಕಡೆ ತಿರುಗಿ, ಕೆಳಗಿನ ಗೆರೆಯಿಂದ ಎಣಿಸಿದೆ. ಒಂದು ಬೊಟ್ಟು. ಕೀ ಹುಡುಕಿದೆ. ಒತ್ತಿದೆ. ಇನ್ನೊಂದು. ಅಷ್ಟು ನಿಧಾನವಾಗಿ ಯಾರೂ ಯಾವ ಗೀತೆಯನ್ನೂ ನುಡಿಸಿರಲಾರರು. ಐದನೆಯದು ತಪ್ಪಿತು, ಸರಿಯಾದದ್ದನ್ನು ಹುಡುಕಿ ಒತ್ತಿ, ಹಿಂದೆ ಹೋಗದೆ ಮುಂದೆ ಹೋದೆ. ಸಭೆ ಉಸಿರು ಹಿಡಿದು ನನ್ನ ಜೊತೆ ಎಣಿಸುತ್ತಿದ್ದಂತೆ ತೋರಿತು. ಕೊನೆಯ ಸ್ವರ ನಿಂತ ಮೇಲೆ ಹಾಳೆ ನೋಡಿದೆ. ನಾಲ್ಕನೆಯ ಸಾಲು ಇದ್ದ ಹಾಗೇ ಇತ್ತು.

"ಓದ್ರಿ ಹೆಸರು," ಎಂದೆ.

ಯೋಬಪ್ಪ ಓದಲಿಲ್ಲ. ಹಾಳೆ ಇದ್ದಂತೆ ಇರಬೇಕು ಎಂಬುದು ಕರಾರು, ಹಾಳೆ ಹಾಗಿಲ್ಲ, ಎಂದ. ಸಂಜೆಯ ಹೊತ್ತಿಗೆ ಹಿರಿಯರು ಇನ್ನೊಂದು ತೀರ್ಮಾನ ಬರೆದು ತಂದು ನನ್ನ ಬಾಗಿಲಲ್ಲಿ ಓದಿದರು: ದೇವರ ಮನೆಯ ಬಟ್ಟೆಗಳನ್ನು ನಾನು ಮುಟ್ಟಕೂಡದು, ಸತ್ತ ಮೇಲೆ ನನ್ನ ಹೆಸರನ್ನೂ ಓದಕೂಡದು.

"ಬರಕೋರಿ," ಎಂದೆ. "ತಂಗಿ ಮಗ್ಗಲಕ ಜಾಗ ಸಿಕ್ಕಂಗಾತು."

ನಾಲ್ಕು ತಿಂಗಳು ಯಾರೂ ಸಾಯಲಿಲ್ಲ. ಭಾನುವಾರಗಳಲ್ಲಿ ನಾನು ಹಿಂದಿನ ಬೆಂಚಿನಲ್ಲಿ ಕೂತು ಬರುತ್ತಿದ್ದೆ; ಅದನ್ನು ತಡೆಯುವ ತೀರ್ಮಾನ ಅವರು ಬರೆದಿರಲಿಲ್ಲ. ಅವರು ಹಾಸಿದ ಬಟ್ಟೆಗಳಲ್ಲಿ ಮಡಿಕೆಗಳಿರುತ್ತಿದ್ದವು. ನೋಡಿ ಸುಮ್ಮನಿರುವುದೇ ನನಗೆ ಕಷ್ಟವಾಗಿತ್ತು.

ಐದನೆಯ ತಿಂಗಳಲ್ಲಿ ಯೋಬಪ್ಪನ ಹೆಂಡತಿ ಲೇಯಮ್ಮ ತೀರಿಕೊಂಡಳು. ಗಂಟೆ ಒಂದೊಂದಾಗಿ ಹೊಡೆಯಿತು. ಮಧ್ಯಾಹ್ನ ಬಿಸಿಲಲ್ಲಿ ಯೋಬಪ್ಪ ಒಬ್ಬನೇ ನಡೆದು ಬಂದು ನನ್ನ ಮನೆಯ ಮುಂದೆ ನಿಂತ. ಒಳಗೆ ಬರಲಿಲ್ಲ. ಅಂಗಿಯ ಗುಂಡಿಗಳನ್ನು ಮೇಲೆ ಕೆಳಗೆ ಹಾಕಿಕೊಂಡಿದ್ದ. ದಿನಾ ಗುಂಡಿ ಹಾಕಿಕೊಡುತ್ತಿದ್ದವಳು ಲೇಯಮ್ಮ ಎಂದು ಆಗ ನನಗೆ ತಿಳಿಯಿತು.

"ಹನ್ನಮ್ಮಾ," ಎಂದ.

"ನಿಮ್ಮವ್ವಗ ಗೀತೆ ಇದ್ದಿದ್ದಿಲ್ಲ, ಅಲ್ರಿ?"

"ಅಪ್ಪಗೂ ಇದ್ದಿದ್ದಿಲ್ಲ." ಅವನು ನೆಲ ನೋಡಿದ. "ಇಕಿಗರ ಇರಲಿ. ಮೂರು ಸಾಲು ನಿನ್ನ ಕಡೆ ಅದಾವ."

ನನ್ನೊಳಗಿನ ಒಂದು ದನಿ ಬಾಗಿಲು ಹಾಕು ಎಂದಿತು. ಆ ದನಿ ಇತ್ತು, ಮುಚ್ಚಿಡುವುದಿಲ್ಲ. ಆದರೆ ನಾನು ಊರಿಗೆ ಕೇಳಿದ ಪ್ರಶ್ನೆ ಈಗ ನನ್ನ ಹೊಸ್ತಿಲಿಗೆ ಬಂದು ನಿಂತಿತ್ತು: ಬಾರವ್ವಾ ಎಂದರೆ ತಬಿತಾ ಒಲ್ಲೆ ಎನ್ನುತ್ತಿದ್ದಳೇನು?

"ಬರ್ತೀನಿ," ಎಂದೆ. "ಕರಾರು ಇಲ್ಲ. ಆದ್ರ ತಿಳಕೊಂಡು ಕರೀರಿ. ನಾ ನುಡಿಸೂದು ಇಬ್ಬರಿಗೆ. ಲೇಯಮ್ಮಗ, ತಬಿತಾಗ. ನೀವು ಒಂದ ಹೆಸರು ಓದಿದ್ರೂ ನಾ ನುಡಿಸೂದು ಇಬ್ಬರಿಗೇ. ಕಡೀ ಸಾಲು ಮಾತ್ರ ನನಗ ಬರೂದಿಲ್ಲ. ಅದು ಮನ್ಯಾವರ ಕೈ. ನೀವ ಓದಬೇಕು."

"ನನಗ? ನಾ ಪಿಯಾನೊ ಮುಟ್ಟಿ ಐವತ್ತು ವರ್ಷ ಆತು."

"ನಾ ಎಪ್ಪತ್ತೊಂದು ವರ್ಷ ಮುಟ್ಟಿದ್ದಿಲ್ಲ. ಬರ್ರಿ, ಗುಂಡಿ ಸರಿ ಹಾಕ್ಕೋರಿ ಮೊದಲ."

ಪೆಟ್ಟಿಗೆಯ ಮುಂದೆ ನಾನು ಮೂರು ಸಾಲು ನುಡಿಸಿದೆ. ಎದ್ದು ಜಾಗ ಬಿಟ್ಟೆ. ಯೋಬಪ್ಪ ಕೂತು ಹಾಳೆಗೆ ಮೂಗು ತಾಗಿಸುವಷ್ಟು ಬಗ್ಗಿದ. ಒಂದೇ ಬೆರಳು. ತಡಕಿದ, ತಪ್ಪಿದ, ಅತ್ತ, ಮತ್ತೆ ಎಣಿಸಿದ. ಸಾಲು ಮುಗಿದಾಗ ನನ್ನ ಕಡೆ ತಿರುಗಿ, "ಚಂದ ಆಗಲಿಲ್ಲ. ಇನ್ನೊಂದು ಸಲ ಓದ್ಲೇನು?" ಎಂದ.

"ಬ್ಯಾಡ್ರಿ. ಕಲತು ಬಿಟ್ಟೀರಿ."

ಸಾವಿನ ಮನೆಯಾದರೂ ಒಂದಿಬ್ಬರು ನಕ್ಕರು. ಯೋಬಪ್ಪನ ತುಟಿಯೂ ಅಲುಗಿತು. ಆಮೇಲೆ ಅವನು ಮೃತರ ಪುಸ್ತಕ ತೆರೆದು ಲೇಯಮ್ಮನ ಹೆಸರು ಬರೆದ. ಲೇಖನಿಯನ್ನು ಎತ್ತಲಿಲ್ಲ. ಅದರ ಕೆಳಗೆ ಇನ್ನೊಂದು ಸಾಲು ಬರೆದ. ಎದ್ದು ನಿಂತು ಎರಡನ್ನೂ ಓದಿದ. ತಬಿತಾಳ ಹೆಸರು ಓದುವಾಗ ಅವನ ಧ್ವನಿ ತಗ್ಗಿತು. ನಾನು ಬೆಂಚಿನಿಂದ, "ಕೇಳ್ಸಲಿಲ್ಲ," ಎಂದೆ. ಅವನು ಮತ್ತೆ, ಗೋಡೆಗೆ ಬಡಿಯುವ ಹಾಗೆ ಓದಿದ.

ಅಂದಿನಿಂದ ಯಾರ ಮನೆಯಲ್ಲಿ ಸಾವಾದರೂ ನನ್ನನ್ನು ಕರೆಯುತ್ತಾರೆ. ಮೂರು ಸಾಲು ನನ್ನ ಕೈ, ಕಡೆಯ ಸಾಲು ಅವರ ಕಣ್ಣು. ತೀರ್ಮಾನಗಳೆರಡೂ ಇನ್ನೂ ಪುಸ್ತಕದಲ್ಲಿವೆ. ಹೊಡೆದುಹಾಕಿ ಎಂದು ನಾನು ಕೇಳಿಲ್ಲ, ಅವರು ಹೊಡೆದುಹಾಕಿಲ್ಲ. ಒಂದು ದಿನ ಆ ಮೂರು ಸಾಲು ತಿರುಗಿ ಬರುತ್ತವೆ. ಅಂದು ಹಬ್ಬದ ಗಂಟೆ ಹೊಡೆಯಕೂಡದೆಂದು ನವೋಮಿಗೆ ಹೇಳಿಟ್ಟಿದ್ದೇನೆ. ಶನಿವಾರಗಳಲ್ಲಿ ಬಟ್ಟೆ ಹಾಸುವುದು ಈಗ ಮತ್ತೆ ನಾನೇ. ಸುಟ್ಟ ಬಟ್ಟೆಯನ್ನು ಮಾತ್ರ ಮನೆಯಲ್ಲಿಟ್ಟುಕೊಂಡಿದ್ದೇನೆ. ಅದರ ಮುಂದೆ ಮೊಣಕಾಲೂರಿ ದಿನವೂ ಹೀಗೆ ಬೇಡುತ್ತೇನೆ:

ಕರ್ತನೇ, ನಲವತ್ತೊಂದು ವರ್ಷ ನಿನ್ನ ಗೀತೆ ನನ್ನ ತಂಗಿಯ ಕೈಯಲ್ಲಿತ್ತು. ಅದನ್ನು ಅವಳು ಯಾವ ಊರಲ್ಲಿ ನುಡಿಸಿದಳೋ, ಯಾರ ಪೆಟ್ಟಿಗೆಯ ಮುಂದೆ ನುಡಿಸಿದಳೋ, ರೊಟ್ಟಿಯ ಹಲಗೆಯ ಮೇಲೆ ಬರೀ ಬೆರಳಾಡಿಸಿದಳೋ, ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ಅವಳು ನಿಧಾನದವಳು, ನಿನ್ನ ಬಾಗಿಲಲ್ಲಿ ಅವಳನ್ನು ಅವಸರಪಡಿಸಬೇಡ. ಆ ಕೈಗಳಿಗೆ ವಿಶ್ರಾಂತಿ ಕೊಡು. ನನ್ನ ತಬಿತಾಳ ಆತ್ಮಕ್ಕೆ ಶಾಂತಿ ಕೊಡು. ಆಮೆನ್.